ಲಂಡನ್ನಿನ ರಾಯಲ್ ಅಕಾಡೆಮಿಯ ಕಲಾ ವಿದ್ಯಾರ್ಥಿಗಳಿಗೆ ದಂತದ ಬಿಲ್ಲೆ ಕೊಡುತ್ತಿದ್ದುದೇಕೆ?

ಅದು ಪದಕವಲ್ಲ, ಪ್ರವೇಶಪತ್ರ. 1768ರಲ್ಲಿ ಸ್ಥಾಪನೆಯಾದ ಅಕಾಡೆಮಿಯು ಮರುವರ್ಷ ತೆರೆದ ಶಾಲೆಯಲ್ಲಿ ಬೋಧನೆಗೆ ಶುಲ್ಕವಿರಲಿಲ್ಲ. ಆದ್ದರಿಂದ ಒಳಗೆ ಯಾರನ್ನು ಬಿಡಬೇಕೆಂಬುದನ್ನು ಬಿಗಿಯಾಗಿ ನೋಡಿಕೊಳ್ಳಬೇಕಾಗಿತ್ತು. ಅಭ್ಯರ್ಥಿಯು ಮೊದಲು ತನ್ನ ಚಿತ್ರವನ್ನು ಒಪ್ಪಿಸಿ, ಅದು ಮೆಚ್ಚುಗೆಯಾದರೆ ಪರೀಕ್ಷಾರ್ಥಿಯಾಗಿ ಅಲ್ಲಿಯೇ ಕುಳಿತು ಪ್ರಾಚೀನ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳನ್ನು ನೋಡಿ ಚಿತ್ರ ಬರೆದು, ಆ ಕೆಲಸವೂ ಒಪ್ಪಿಗೆಯಾದ ಮೇಲಷ್ಟೇ ತನ್ನ ಹೆಸರನ್ನೂ ಸೇರ್ಪಡೆಯ ದಿನಾಂಕವನ್ನೂ ಕೊರೆದ ದುಂಡನೆಯ ದಂತದ ಬಿಲ್ಲೆಯನ್ನು ಪಡೆಯುತ್ತಿದ್ದನು. ವಿದ್ಯಾರ್ಥಿಗಳು ಅದನ್ನು ಸಲುಗೆಯಿಂದ ‘ಮೂಳೆ’ ಎಂದೇ ಕರೆಯುತ್ತಿದ್ದರು.

ಚಿತ್ರಾಭ್ಯಾಸದ ಕೋಣೆಗಳಿಗೆ ಮಾತ್ರವಲ್ಲದೆ ಉಪನ್ಯಾಸಗಳಿಗೂ ವಾರ್ಷಿಕ ಪ್ರದರ್ಶನಕ್ಕೂ ಇದೇ ರಹದಾರಿಯಾಗಿತ್ತು. ಗುರುತಿನ ಚೀಟಿಗೆ ಅಂಟಿಸಲು ಛಾಯಾಚಿತ್ರವೇ ಇಲ್ಲದ ಆ ಕಾಲದಲ್ಲಿ, ವರ್ಷಗಟ್ಟಲೆ ಜೇಬಿನಲ್ಲಿದ್ದರೂ ಕಾಗದದಂತೆ ಹರಿಯದ ವಸ್ತುವನ್ನು ಆರಿಸಿದ್ದು, ನನ್ನ ದೃಷ್ಟಿಯಲ್ಲಿ, ಆಡಂಬರಕ್ಕಿಂತ ಅನುಕೂಲದ ಮಾತು. ಕವಿಯೂ ಚಿತ್ರಕಾರರೂ ಆದ ವಿಲಿಯಂ ಬ್ಲೇಕ್ 1779ರಲ್ಲಿ ಇಲ್ಲಿಗೆ ಸೇರಿದರು. ನಿಸರ್ಗಚಿತ್ರಗಳಿಗೆ ಹೆಸರಾದ ಟರ್ನರ್ 1789ರಲ್ಲಿ ಸೇರಿದಾಗ ಅವರಿಗೆ ಹದಿನಾಲ್ಕೇ ವರ್ಷ. ಮಹಿಳೆಯರಿಗೆ ಮಾತ್ರ, ಅಕಾಡೆಮಿಯ ಸ್ಥಾಪಕ ಸದಸ್ಯರಲ್ಲಿಯೇ ಇಬ್ಬರು ಮಹಿಳೆಯರಿದ್ದರೂ, ಈ ಶಾಲೆಯ ಬಾಗಿಲು ತೆರೆದದ್ದು 1860ರಲ್ಲಿ.