ರಾಗಿ ಹಿಟ್ಟಿನ ಯೂನಿಟ್‌ಗೆ ತಿಂಗಳಿಗೊಮ್ಮೆ ಸ್ಪ್ರೇ ಹೊಡೆಸಿದರೂ ಹುಳ ಬರುತ್ತಿದೆ. ಕೆಮಿಕಲ್ ಕಡಿಮೆ ಇರುವ ಒಳ್ಳೆ ಮದ್ದು ಯಾವುದು?

ತಿಂಗಳಿಗೆ ಸರಿಯಾಗಿ ಹುಳ ತಿರುಗಿ ಬರುತ್ತೆ ಅಂದಿರಲ್ಲ, ಅದನ್ನು ಓದಿದಾಗ ನಮ್ಮ ಮಿಲ್ಲೇ ಕಣ್ಣ ಮುಂದೆ ಬಂತು. ಮದ್ದು ಹುಡುಕುವುದು ಬಿಡಿ. ದಿನಾ ಸಂಜೆ ಕ್ಲೀನ್ ಮಾಡುವುದು ಕಂಪ್ರೆಸರ್ ಗಾಳಿಯಲ್ಲೇ ತಾನೆ?

ನಾವೂ ಅದನ್ನೇ ಮಾಡುತ್ತಿದ್ದೆವು. ಹತ್ತು ನಿಮಿಷ ಏರ್ ಗನ್ ಹಿಡಿದರೆ ನೆಲ, ಮೆಷಿನ್ ಎಲ್ಲ ಚೊಕ್ಕಟ. ಊದಿದ ಹಿಟ್ಟು ಮಾತ್ರ ಪ್ಯಾನೆಲ್ ಬೋರ್ಡಿನ ಮೇಲೆ, ಬೆಲ್ಟ್ ಗಾರ್ಡಿನ ಹಿಂದೆ, ತೊಲೆ ಮೇಲೆ ಹೋಗಿ ಕೂರುತ್ತಿತ್ತು. ಹಿಟ್ಟಿಗೆ ಬೀಳುವ ಈ ಕೆಂಪು ಹುಳದ ಮೊಟ್ಟೆ ಅಂಟಂಟು. ಹಿಟ್ಟು ಮೆತ್ತಿಕೊಂಡರೆ ಹಿಟ್ಟಿನ ಕಣಕ್ಕೂ ಅದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಅಂದರೆ ಕ್ಲೀನಿಂಗ್ ಹೆಸರಲ್ಲಿ ಮಿಲ್ಲಿನ ತುಂಬ ಮೊಟ್ಟೆ ಬಿತ್ತುತ್ತಿದ್ದವರು ನಾವೇ. ಒಂದು ದಿನ ಕೇಬಲ್ ಟ್ರೇ ಮುಚ್ಚಳ ಎತ್ತಿದರೆ ಬೆರಳ ದಪ್ಪ ಹಿಟ್ಟು ಹೆಪ್ಪುಗಟ್ಟಿತ್ತು, ಒಳಗೆ ಹಳದಿ ಮರಿಹುಳಗಳು ಹರಿದಾಡುತ್ತಿದ್ದವು. 30 ಡಿಗ್ರಿ ಸೆಖೆಯಲ್ಲಿ ಮೊಟ್ಟೆ ಬಲಿತು ಹುಳವಾಗಲು ಸುಮಾರು ಒಂದು ತಿಂಗಳು ಬೇಕು. ನಿಮ್ಮ ತಿಂಗಳ ಲೆಕ್ಕ ಅದೇ. ಸ್ಪ್ರೇ ಬೀಳುವುದು ಗೋಡೆಗೆ, ನೆಲಕ್ಕೆ. ಹಿಟ್ಟಿನ ಧೂಳು ಕೂತ ಕಡೆ ಅದರ ಕಸುವೂ ನಿಲ್ಲದು. ಮೇಲಾಗಿ, ಗಾಳಿಯಲ್ಲಿ ತೇಲುವ ಹಿಟ್ಟಿಗೆ ಕಿಡಿ ತಗುಲಿದರೆ ಸ್ಫೋಟವೇ ಆಗಬಹುದು.

ಇಂಡಸ್ಟ್ರಿಯಲ್ ವ್ಯಾಕ್ಯೂಮ್ ತಗೊಳ್ಳಿ. ಮೊದಲು ತೊಲೆ, ಆಮೇಲೆ ಟ್ರೇ, ಮೆಷಿನ್, ಕೊನೆಗೆ ನೆಲ. ವಾರಕ್ಕೊಮ್ಮೆ ಮೇನ್ ಆಫ್ ಮಾಡಿ, ಎಲಿವೇಟರ್ ಬೂಟ್ (ಕಾಳು, ಹಿಟ್ಟು ಮೇಲೆತ್ತುವ ಯಂತ್ರದ ತಳದ ಪೆಟ್ಟಿಗೆ) ಬಿಚ್ಚಿ, ತಳದ ಹಳೇ ಹಿಟ್ಟು ಕೆರೆದು ತೆಗೆಯಿರಿ. ಆ ಹಿಟ್ಟನ್ನು ಚೀಲದ ಬಾಯಿ ಕಟ್ಟಿ ಅವತ್ತೇ ಕಾಂಪೌಂಡ್ ಆಚೆ ಸಾಗಿಸಿ. ಅಂಗಡಿಯಿಂದ ವಾಪಸ್ ಬಂದ ಪ್ಯಾಕೆಟ್ಟಂತೂ ಒಳಗೆ ಕಾಲಿಡಲೇಬಾರದು. ಬ್ರಷ್, ಜರಡಿ ಬಟ್ಟೆಯನ್ನು ಮೈನಸ್ 18 ಡಿಗ್ರಿ ಫ್ರೀಜರಿನಲ್ಲಿ 4 ದಿನ ಇಟ್ಟರೆ ಸಾಕು, ಅದರಲ್ಲಿರುವ ಮೊಟ್ಟೆ, ಹುಳ ಸಾಯುತ್ತವೆ. ನೆಲದ ಮೇಲೆ ಫೆರೊಮೋನ್ ಟ್ರ್ಯಾಪ್ (ವಾಸನೆಯಿಂದ ಹುಳವನ್ನು ಸೆಳೆದು ಹಿಡಿಯುವ ಬೋನು) ಇಟ್ಟು ವಾರವಾರ ಎಣಿಸಿ ಬರೆಯಿರಿ. ಎಲ್ಲಿ ಹೆಚ್ಚು ಬೀಳುತ್ತೋ ಅದರ ಪಕ್ಕದ ಮೆಷಿನ್ ಬಿಚ್ಚಿ ನೋಡಿ.

ದಾಸ್ತಾನು ಕಾಳಾಗಿಯೇ ಇರಲಿ. ನೆಲದೊಳಗಿನ ಕಣಜ, ಅಂದರೆ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿದ್ದ ಕಾಳು ರಾಗಿ. ಬೀಸಿದ ಮೇಲೇ ಅದು ಈ ಹುಳಕ್ಕೆ ಸಲೀಸು. ಹಿಟ್ಟಿನ ಮೂಟೆ ಪ್ಯಾಲೆಟ್ ಮೇಲಿರಲಿ, ಗೋಡೆಯಿಂದ ಒಂದೂವರೆ ಅಡಿ ದೂರ.

ಗುಳಿಗೆ ಇಡೋಣ ಅಂತ ಯಾರಾದರೂ ಬಂದರೆ ಒಪ್ಪಬೇಡಿ. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಪ್ರಾಣ ತೆಗೆಯುವ ವಿಷ, ಲೈಸೆನ್ಸ್ ಇರುವವರೇ ಮುಟ್ಟಬೇಕು. ಪ್ಯಾನೆಲ್ಲಿನ ತಾಮ್ರವನ್ನೂ ತಿನ್ನುತ್ತೆ, ಅನಿಲ ಆರಿಹೋದ ಮೇಲೆ ಹೊಸ ಹುಳ ತಡೆಯಲು ಏನೂ ಉಳಿಯುವುದಿಲ್ಲ.

ಮೊದಲ ತಿಂಗಳು ಟ್ರ್ಯಾಪಿನಲ್ಲಿ ಹುಳ ಬಿದ್ದೇ ಬೀಳುತ್ತೆ, ಹಳೇ ಮೊಟ್ಟೆಗಳವು. ಸ್ಪ್ರೇಯವರಿಗೆ ಫೋನ್ ಮಾಡುವ ಮುಂಚೆ ಆರು ವಾರದ ಎಣಿಕೆ ನೋಡಿ.