ಬಿಸಿ ಮಾಡದೆ ಶಾಖ ಅಳೆಯಬಹುದಾ?

ಪ್ರಶ್ನೆ: ಎಂ.ಟೆಕ್ ಪ್ರಾಜೆಕ್ಟ್‌ಗೆ ರಿಬ್ (ಗೋಡೆಯ ಮೇಲಿನ ಉಬ್ಬು ಪಟ್ಟಿ) ಇರುವ ಗಾಳಿ ನಾಳದ ಶಾಖ ವರ್ಗಾವಣೆ ಅಳೆಯಬೇಕು. ಹೀಟರ್ ಬೇಡ, ನ್ಯಾಫ್ತಲೀನ್ (ಕೋಣೆಯ ಉಷ್ಣತೆಯಲ್ಲೇ ಘನದಿಂದ ನೇರ ಆವಿಯಾಗುವ ವಸ್ತು) ಎರಕ ಹೊಯ್ದು, ಗಾಳಿಗೆ ಎಷ್ಟು ಸವೆಯುತ್ತದೆ ನೋಡಿ ಅಂತಾರೆ ನಮ್ಮ ಗೈಡ್. ಈ ಲೆಕ್ಕ ನಂಬಬಹುದಾ?

ಉತ್ತರ: ನಂಬಬಹುದು. ಗಾಳಿ ಗೋಡೆಯಿಂದ ಶಾಖ ಹೊತ್ತೊಯ್ಯುವ ರೀತಿಗೂ ಆವಿ ಹೊತ್ತೊಯ್ಯುವ ರೀತಿಗೂ ಸಮೀಕರಣ ಒಂದೇ. ಮೇಲಾಗಿ, ಹೀಟರ್ ಇಟ್ಟರೆ ಗೋಡೆಯೊಳಗೆ ಹರಿದುಹೋಗುವ ಶಾಖ, ವಿಕಿರಣ ಎರಡನ್ನೂ ಕಳೆಯಬೇಕು. ಇಲ್ಲಿ ಆ ರಗಳೆಯೇ ಇಲ್ಲ.

ಎಡವುವುದು ಉಷ್ಣತೆಯಲ್ಲಿ. ಕೋಣೆಯ ಉಷ್ಣತೆಯಲ್ಲಿ ನ್ಯಾಫ್ತಲೀನ್‌ನ ಆವಿ ಒತ್ತಡ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 10% ಏರುತ್ತದೆ. ಅರ್ಧ ಡಿಗ್ರಿ ತಪ್ಪಿದರೆ ಉತ್ತರ 5% ತಪ್ಪಿತು. ಅದಕ್ಕೇ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಅನ್ನು ಎರಕದೊಳಗೆ, ಮೇಲ್ಮೈ ಹತ್ತಿರವೇ ಹುದುಗಿಸಿ. ಕೋಣೆಯ ಥರ್ಮಾಮೀಟರ್ ನೋಡಿ ಬರೆದುಕೊಂಡರೆ ಸಾಲದು.

ಇನ್ನೊಂದು ತಕರಾರು ಘಾತದ್ದು. ಶೆರ್ವುಡ್ ಸಂಖ್ಯೆಯನ್ನು (ಆವಿ ವರ್ಗಾವಣೆಯ ಅಳತೆ) ನುಸೆಲ್ಟ್ ಸಂಖ್ಯೆಗೆ (ಶಾಖ ವರ್ಗಾವಣೆಯ ಅಳತೆ) ತರಲು, ಶಾಖ ಮತ್ತು ಆವಿ ಗಾಳಿಯಲ್ಲಿ ಹರಡುವ ಪರಿ ಹೇಳುವ ಪ್ರಾಂಟಲ್, ಷ್ಮಿಟ್ ಸಂಖ್ಯೆಗಳ ಅನುಪಾತಕ್ಕೆ ಒಂದು ಘಾತ ಹಾಕುತ್ತೇವೆ. ಗಾಳಿಯ ಪ್ರಾಂಟಲ್ ಸಂಖ್ಯೆ 0.71, ನ್ಯಾಫ್ತಲೀನ್ ಆವಿಯ ಷ್ಮಿಟ್ ಸಂಖ್ಯೆ ಸುಮಾರು 2.28 ಹಿಡಿಯಿರಿ. ಘಾತ ಮೂರನೇ ಒಂದು ಅಂದರೆ ಗುಣಕ 0.68, 0.4 ಅಂದರೆ 0.63. ಅಲ್ಲೇ 8% ವ್ಯತ್ಯಾಸ! ರಿಬ್ ಹಿಂದೆ ಗಾಳಿ ಸುಳಿದಾಡುವ ಜಾಗಕ್ಕೆ ಯಾವ ಘಾತ ಸರಿ ಅನ್ನೋದು ವಾದದ ವಿಷಯ. ಆದ್ದರಿಂದ ನನ್ನ ಸಲಹೆ: ಅದೇ ನಾಳದಲ್ಲಿ ನಯವಾದ ತಟ್ಟೆಯನ್ನೂ ಪರೀಕ್ಷಿಸಿ, 'ರಿಬ್‌ನಿಂದ ಎಷ್ಟು ಪಟ್ಟು ಜಾಸ್ತಿಯಾಯ್ತು' ಅಂತ ವರದಿ ಮಾಡಿ. ಎರಡಕ್ಕೂ ಒಂದೇ ಘಾತ ಹಾಕಿದರೆ ಗುಣಕ ಹೊಡೆದುಹೋಗುತ್ತದೆ.

ನ್ಯಾಫ್ತಲೀನ್ ಮೇಲ್ಮೈ ಅಂದರೆ ಒಂದೇ ಉಷ್ಣತೆಯ ಗೋಡೆ ಇದ್ದಂತೆ, ಒಂದೇ ಸಮ ಶಾಖ ಕೊಡುವ ಹೀಟರ್ ಇದ್ದಂತಲ್ಲ. ಪ್ರಕ್ಷುಬ್ಧ ಗಾಳಿಯಲ್ಲಿ ಈ ಭೇದ ಸಣ್ಣದು. ದುಂಡು ಕೊಳವೆಯಲ್ಲಿ ಪದರ ಹರಿವಾದರೆ (ಸುಳಿಯಿಲ್ಲದ ಶಾಂತ ಹರಿವು) ಮಾತ್ರ ನುಸೆಲ್ಟ್ ಒಂದೇ ಉಷ್ಣತೆಯ ಗೋಡೆಗೆ 3.66, ಒಂದೇ ಸಮ ಶಾಖಕ್ಕೆ 4.36 ಎಂದು ಬೇರೆಯಾಗುತ್ತದೆ. ತೀರಾ ವೇಗದ ಹರಿವಿಗೂ, ಗೋಡೆ-ಗಾಳಿಯ ಉಷ್ಣತೆಯಲ್ಲಿ ನೂರಾರು ಡಿಗ್ರಿ ಅಂತರವಿರುವ ಕಡೆಗೂ ಈ ಫಲಿತಾಂಶವನ್ನು ಸುಮ್ನೆ ಎಳೆದು ಹಚ್ಚಬೇಡಿ.

ಸವೆತ 0.1 ಮಿ.ಮೀ. ಆಸುಪಾಸಿಗೆ ನಿಲ್ಲಿಸಿ, ಜಾಸ್ತಿ ಸವೆದರೆ ರಿಬ್‌ನ ಆಕಾರವೇ ಬದಲಾಗುತ್ತದೆ. ಜೋಡಿಸುವಾಗ, ಅಳೆಯುವಾಗ ಆರಿಹೋಗುವುದನ್ನು ಗಾಳಿ ಬಿಡದೆ ಒಮ್ಮೆ ಅಳೆದು ಕಳೆಯಿರಿ. ಹಾಂ, ಅಂಗಡಿಯ ನುಸಿಗುಳಿಗೆ ತರಬೇಡಿ. ಕೆಲವು ಗುಳಿಗೆಗಳಲ್ಲಿ ನ್ಯಾಫ್ತಲೀನೇ ಇರೋದಿಲ್ಲ, ಬೇರೆ ರಾಸಾಯನಿಕ ಇರುತ್ತದೆ. ಲ್ಯಾಬ್ ದರ್ಜೆಯದ್ದೇ ಕೊಂಡು, ಎರಕ ಹೊಯ್ಯುವಾಗ ಆವಿ ಹೊರಗೆಳೆಯುವ ಫ್ಯೂಮ್ ಹುಡ್ ಚಾಲೂ ಇಟ್ಟುಕೊಳ್ಳಿ.