ತೆರೆಯ ಮೇಲೆ ಯಾರೂ "ನೋಯ್ತಿದೆ" ಅನ್ನಲ್ಲ

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ತುಮಕೂರಿನ ದಂಪತಿ. ಗಂಡನಿಗೆ 31, ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ. ಹೆಂಡತಿಗೆ 26, ಕೊರಟಗೆರೆ ಕಡೆಯವರು, ಬಿ.ಎಡ್. ಮುಗಿಸಿದ್ದಾರೆ. ಮದುವೆಯಾಗಿ ವರ್ಷ ತುಂಬಿಲ್ಲ. ಸಲಹೆ ಕೇಳಲು ನನ್ನ ಹತ್ತಿರ ಮೊದಲು ಬಂದದ್ದು ಹೆಂಡತಿ, ಅಕ್ಕನ ಜೊತೆ. ಅಕ್ಕನನ್ನು ಹೊರಗೆ ಕೂರಿಸಿದ ಮೇಲೆ ಬಾಯಿಬಿಟ್ಟರು. "ನನ್ನಲ್ಲೇ ಏನೋ ಕೊರತೆ ಇದೆ ಅನ್ಸುತ್ತೆ ಮೇಡಂ. ಅವರು ನೇರವಾಗಿ ಏನೂ ಅನ್ನಲ್ಲ. ಮೊಬೈಲಲ್ಲಿ ಸೀರೀಸಿನ ಬೆಡ್‌ರೂಮ್ ದೃಶ್ಯ ಹಾಕಿ, ನೋಡು ಅಂತಾರೆ ಅಷ್ಟೇ."

ಆಮೇಲೆ ಗಂಡ ಬಂದರು. ದರ್ಪದ ಮನುಷ್ಯ ಇರಬೇಕು ಅಂದುಕೊಂಡರೆ, ಹೆಂಡತಿಗಿಂತ ಜಾಸ್ತಿ ಹೆದರಿದವರು. "ಹತ್ತಿರ ಹೋದರೆ ಮೈ ಬಿಗಿ ಮಾಡ್ಕೋತಾಳೆ. ಸೀರೀಸಲ್ಲಿ ಯಾರೂ ಹಾಗೆ ಮಾಡಲ್ಲ. ನಾನು ಅವಳಿಗೆ ಇಷ್ಟ ಇಲ್ವೇನೋ." ಅವರನ್ನೇ ಕೇಳಿದಿರಾ ಅಂದೆ. "ಅದನ್ನೆಲ್ಲ ಹೇಗೆ ಮೇಡಂ ಕೇಳೋದು?"

ಮೈ ಬಿಗಿಯುತ್ತಿದ್ದದ್ದು ನೋವಿಗೆ. ಮದುವೆಯಾದಾಗಿನಿಂದ ನೋವಿತ್ತು, ಆಕೆ ಹೇಳಿರಲಿಲ್ಲ. ನೋಡಿದ ಯಾವ ದೃಶ್ಯದಲ್ಲೂ ಹೆಣ್ಣು "ನೋಯ್ತಿದೆ, ನಿಲ್ಲಿಸಿ" ಅಂದದ್ದಿಲ್ಲ. ಎಲ್ಲರಿಗೂ ಸುಖವೇ. ಅದೂ ಎರಡೇ ನಿಮಿಷದಲ್ಲಿ, ಇಬ್ಬರಿಗೂ ಒಟ್ಟಿಗೆ! ಹಾಗಾಗಿ ನೋವು ಬರುವುದು ತನಗೊಬ್ಬಳಿಗೇ ಅಂದುಕೊಂಡಿದ್ದರು. ಮನೆ ಚಿಕ್ಕದು, ಅತ್ತೆ ಪಕ್ಕದ ಹಾಲಿನಲ್ಲೇ ಮಲಗುತ್ತಾರೆ. ಪಿಸುಮಾತಿಗೂ ಅಳುಕು.

ಇಬ್ಬರನ್ನೂ ಜೊತೆಗೆ ಕೂರಿಸಿಕೊಂಡು, ಅಂಥ ದೃಶ್ಯ ಹೇಗೆ ತಯಾರಾಗುತ್ತೆ ಅಂತ ಹೇಳಿದೆ. ಸುಮ್ನೆ ಬುದ್ಧಿಮಾತು ಹೇಳುವುದಕ್ಕಿಂತ ಇದು ಎಷ್ಟೋ ಕೆಲಸ ಮಾಡುತ್ತೆ. ಲೈಂಗಿಕ ಕಿರುಕುಳದ ವಿರುದ್ಧ ಹೆಣ್ಣುಮಕ್ಕಳು ದನಿಯೆತ್ತಿದ 2017ರ ಮೀ ಟೂ ಗಲಾಟೆಯ ನಂತರ ಸೆಟ್‌ಗಳಿಗೆ, ಇಂಥ ದೃಶ್ಯಗಳ ಉಸ್ತುವಾರಿ ನೋಡುವ ಇಂಟಿಮಸಿ ಕೋಆರ್ಡಿನೇಟರ್ ಅನ್ನುವವರು ಬಂದರು. ಅಮೆರಿಕದ ಟಿವಿ ವಾಹಿನಿ ಎಚ್‌ಬಿಒ 2018ರಲ್ಲಿ, ಇಂಥ ದೃಶ್ಯಗಳಿರುವ ತನ್ನ ಎಲ್ಲ ಸರಣಿಗಳಿಗೂ ಅವರನ್ನು ಇಟ್ಟುಕೊಳ್ಳುವುದಾಗಿ ಹೇಳಿತು. ಈಗ ಹಿಂದಿ ಚಿತ್ರಗಳಲ್ಲೂ ಇದ್ದಾರೆ. ಎಲ್ಲಿ ಮುಟ್ಟಬಹುದು, ಎಲ್ಲಿ ಮುಟ್ಟಬಾರದು ಅಂತ ನಟ ನಟಿಯರನ್ನು ಮೊದಲೇ ಕೇಳುತ್ತಾರೆ. ಅದು ಕರಾರಿನಲ್ಲೂ ಸೇರುತ್ತೆ. ಡಾನ್ಸ್ ಸ್ಟೆಪ್ ಹಾಗೆ ಒಂದೊಂದು ಚಲನೆಯನ್ನೂ ಅಭ್ಯಾಸ ಮಾಡಿಸುತ್ತಾರೆ. ಮೈಬಣ್ಣದ ಒಳಬಟ್ಟೆ ಇರುತ್ತೆ, ಎಷ್ಟೋ ಸಲ ನಡುವೆ ದಿಂಬೂ ಇರುತ್ತೆ. ಬೇಕಾದವರನ್ನು ಬಿಟ್ಟು ಉಳಿದವರೆಲ್ಲ ಸೆಟ್ಟಿನಿಂದ ಹೊರಗೆ. ಯಾರಾದರೂ ನಿಲ್ಲಿಸಿ ಅಂದರೆ ನಿಲ್ಲಲೇಬೇಕು. ಕೊನೆಗೆ ಎಡಿಟರ್ ಕತ್ತರಿಸಿ ಜೋಡಿಸುತ್ತಾರೆ, ಮೇಲೆ ಸಂಗೀತ.

"ಅಂದ್ರೆ ಅವರು ಅಷ್ಟೊಂದು ಮಾತಾಡ್ಕೋತಾರಾ?" ಅಂದರು ಗಂಡ. ಹೌದು. ಗಂಡ ಹೆಂಡತಿ ಅಲ್ಲದ ಇಬ್ಬರು ಕಲಾವಿದರು ಪ್ರತಿಯೊಂದು ಸ್ಪರ್ಶವನ್ನೂ ಕೇಳಿ ತಿಳಿದುಕೊಳ್ಳುತ್ತಾರೆ. ನಮಗೆ ತೋರಿಸುವಾಗ ಆ ಮಾತನ್ನೆಲ್ಲ ತೆಗೆದುಬಿಡುತ್ತಾರೆ. ಇವರಿಬ್ಬರು ಅನುಕರಿಸಲು ಹೋದದ್ದು, ಮಾತು ತೆಗೆದ ಮೇಲೆ ಉಳಿದದ್ದನ್ನು.

ಹಳೆಯ ಸಿನಿಮಾದಲ್ಲಿ ಎರಡು ಹೂವು ತಾಗಿಸಿ ಮುಗಿಸುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಆದರೆ ಹೂವನ್ನು ನೋಡಿ ಯಾರೂ ಹೆಂಡತಿಯನ್ನು ಹೋಲಿಸಲಿಲ್ಲ, ಅಲ್ವಾ? ಹಾಗಂತ ಅದೇ ವಾಪಸ್ ಬರಲಿ ಅನ್ನುವವಳಲ್ಲ ನಾನು. 'ಎ' ಸರ್ಟಿಫಿಕೇಟ್ ಇರುವುದು 18 ತುಂಬಿದವರಿಗೆ. ನೋಡುವುದು ಅವರ ಇಷ್ಟ.

ಸಲಹೆಗೆ ಬರೋಣ. ಮೊದಲು ಸ್ತ್ರೀರೋಗ ತಜ್ಞೆಯ ಹತ್ತಿರ ಹೋಗಿ ಅಂದೆ. ಸೋಂಕಿನಿಂದ, ಒಣಗುವುದರಿಂದ, ಹೆದರಿಕೆಗೆ ಸ್ನಾಯು ತಾನಾಗಿ ಬಿಗಿಯುವುದರಿಂದ, ಹೀಗೆ ನೋವಿಗೆ ಹಲವು ಕಾರಣ ಇರುತ್ತವೆ. ಅದನ್ನು ಊಹಿಸುವುದು ನನ್ನ ಕೆಲಸವಲ್ಲ. ಪರೀಕ್ಷೆ ಮಾಡಿದ ಡಾಕ್ಟರ್ ಸ್ನಾಯು ಬಿಗಿತ ಅಂದರು, ಸಡಿಲಿಸುವ ವ್ಯಾಯಾಮ ಹೇಳಿಕೊಟ್ಟರು. ಡಾಕ್ಟರ್ ಸರಿ ಅನ್ನುವವರೆಗೆ ಸಂಭೋಗ ಬೇಡ ಅಂತ ಇಬ್ಬರಿಗೂ ಹೇಳಿದೆ. ಗಂಡನ ಮುಖದಲ್ಲೇ ನಿರಾಳ ಕಂಡಿತು.

ಅಲ್ಲಿಯವರೆಗೆ ಬರೀ ಸ್ಪರ್ಶ. ಕೈ, ಬೆನ್ನು, ತಲೆಗೂದಲು. ಒಬ್ಬರು ಮುಟ್ಟುವಾಗ ಇನ್ನೊಬ್ಬರು ಇಷ್ಟವಾಯಿತೋ ಇಲ್ಲವೋ ಹೇಳಬೇಕು. "ಸಾಕು" ಅಂದರೆ ಸಾಕು, ಮುನಿಸು ಇಲ್ಲ. ಇದು ನಾನು ಕಂಡುಹಿಡಿದದ್ದಲ್ಲ. ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ವಿಧಾನ, 1970ರಿಂದಲೂ ಬಳಕೆಯಲ್ಲಿದೆ. ಮಾತಿಗೆ ರಾತ್ರಿಯ ಹಾಸಿಗೆ ಬೇಡ, ಗಂಡನ ವಾರದ ರಜೆಯಲ್ಲಿ ಅಮಾನಿಕೆರೆ ಏರಿಯ ಮೇಲೆ ನಡೆಯುತ್ತಾ ಆಡಿ ಅಂದೆ. ಮುಖ ನೋಡದೆ ಪಕ್ಕದಲ್ಲಿ ನಡೆಯುವಾಗ ನಾಚಿಕೆ ಕಡಿಮೆ. ಸೀರೀಸ್ ತೋರಿಸಿ "ನೋಡು" ಅನ್ನುವುದನ್ನು ಮಾತ್ರ ಪೂರ್ತಿ ನಿಲ್ಲಿಸಬೇಕು.

ನೋವು ಈಗ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮಾತು ಶುರುವಾಗಿದೆ. ಒಂದು ದಿನ ಏರಿಯ ಮೇಲೆ ಜಗಳವೂ ಆಯಿತಂತೆ, ಒಳ್ಳೆಯದೇ. ಈ ನಡುವೆ ಅತ್ತೆ "ಮಗು ಯಾವಾಗ?" ಅಂತ ಸೊಸೆಯನ್ನು ಕೇಳುತ್ತಲೇ ಇದ್ದಾರೆ. ಅದಕ್ಕೆ ಉತ್ತರ ಕೊಡಬೇಕಾದವರು ಮಗ ಅಂತ ಗಂಡನಿಗೆ ಹೇಳಿದ್ದೇನೆ. ಅಮ್ಮನ ಮುಂದೆ ಇನ್ನೂ ಬಾಯಿ ಬಂದಿಲ್ಲವಂತೆ.